ಸನದು ಕೈಗೆ ಬಂತು, ನೋಟೀಸು ಬರೆಯಲು ಬಂತೇ?

ಈ ಪತ್ರಿಕೆಯನ್ನು ನೀವು ಸಂಜೆ ಬಸ್ಸಿನಲ್ಲಿ ಕೂತು ಓದುತ್ತಿದ್ದರೆ, ಒಮ್ಮೆ ಮುಂದೆ ಸ್ಟೇರಿಂಗ್ ಹಿಡಿದು ಕೂತವರನ್ನು ನೋಡಿ. ಆ ಸೀಟಿಗೆ ಬರುವ ಮೊದಲು ಅವರು ಬಸ್ ಓಡಿಸಿ ತೋರಿಸಿದ್ದಾರೆ. ಹಿಂದಕ್ಕೆ ತೆಗೆದು ತೋರಿಸಿದ್ದಾರೆ, ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿ ತೋರಿಸಿದ್ದಾರೆ. 'ಕ್ಲಚ್ ಎಂದರೇನು, ಸರಿ ಉತ್ತರಕ್ಕೆ ಗುರುತು ಹಾಕಿ' ಎಂದು ಕೇಳಿ ಐವತ್ತು ಜನರ ಜೀವವನ್ನು ಯಾರೂ ಅವರ ಕೈಗೆ ಕೊಟ್ಟಿಲ್ಲ.

ಈಗ ಅದೇ ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲಿ ಕೂತವರನ್ನು ನೋಡಿ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಪಹಣಿ, ಬ್ಯಾಂಕಿನ ಚೀಟಿ, ನಾಲ್ಕು ಮಡಿಕೆ ಮಾಡಿದ ಹಳೆಯ ಕಾಗದ. ಎಲ್ಲಿಗೆ ಹೋಗಿದ್ದಿರಿ ಎಂದರೆ 'ತಾರೀಖಿತ್ರಿ' ಎನ್ನುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಯಿಂದ ದಿನಾ ಕಲಬುರಗಿಗೆ ಹೋಗಿ ಬರುವ ಬಸ್ಸುಗಳಲ್ಲಿ ಇಂಥ ಚೀಲ ಇಲ್ಲದ ಬಸ್ಸು ಸಿಗುವುದು ಕಷ್ಟ. ಆ ಚೀಲದಲ್ಲಿ ಒಂದು ಮನೆತನದ ಹೊಲ ಇರುತ್ತದೆ, ಒಬ್ಬ ಅಂಗಡಿಕಾರನ ಬಾಕಿ ಇರುತ್ತದೆ, ಒಬ್ಬ ಹೆಣ್ಣುಮಗಳ ಜೀವನಾಂಶ ಇರುತ್ತದೆ. ಅದನ್ನು ಒಬ್ಬ ವಕೀಲರ ಕೈಗೆ ಕೊಟ್ಟು ಆತ ನಿಶ್ಚಿಂತನಾಗುತ್ತಾನೆ.

ನಮ್ಮ ಪ್ರಶ್ನೆ ಇಷ್ಟೇ. ಆ ವಕೀಲರು ಆ ಸೀಟಿಗೆ ಬರುವ ಮೊದಲು ಏನನ್ನಾದರೂ ಓಡಿಸಿ ತೋರಿಸಿದ್ದಾರೆಯೇ?

ನೂರು ಪ್ರಶ್ನೆ, ನಾಲ್ಕು ಉತ್ತರ

ಕಾನೂನು ಪದವಿ ಮುಗಿಸಿದ ಹುಡುಗ ಹುಡುಗಿಯರು ಈಗ ಅಖಿಲ ಭಾರತ ಬಾರ್ ಪರೀಕ್ಷೆ ಎಂಬುದೊಂದನ್ನು ಪಾಸು ಮಾಡಬೇಕು. ಭಾರತೀಯ ವಕೀಲರ ಪರಿಷತ್ತು ಇದನ್ನು ಮೊದಲ ಬಾರಿಗೆ 2011ರ ಮಾರ್ಚ್ 6ರಂದು ನಡೆಸಿತು. ಪಾಸಾದರೆ ವೃತ್ತಿ ಪ್ರಮಾಣಪತ್ರ, ಹಿರಿಯರ ಮಾತಿನಲ್ಲಿ ಸನದು. ಪದವಿ ಮುಗಿಸಿ ತಾತ್ಕಾಲಿಕವಾಗಿ ಹೆಸರು ನೋಂದಾಯಿಸಿಕೊಂಡವರು ಎರಡು ವರ್ಷದೊಳಗೆ ಪಾಸಾಗಬೇಕು, ಇಲ್ಲವಾದರೆ ಕೋರ್ಟಿನಲ್ಲಿ ನಿಂತು ವಾದಿಸುವಂತಿಲ್ಲ.

ಪರೀಕ್ಷೆ ಹೇಗಿರುತ್ತದೆ? ನೂರು ಪ್ರಶ್ನೆ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದಕ್ಕೆ ಗುಂಡು ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗ ಮತ್ತು ಹಿಂದುಳಿದ ವರ್ಗದವರಿಗೆ 45, ಪರಿಶಿಷ್ಟರು ಮತ್ತು ಅಂಗವಿಕಲರಿಗೆ 40 ಬಂದರೆ ಸಾಕು. ಟಿಪ್ಪಣಿ ಇಲ್ಲದ ಬರೀ ಕಾಯ್ದೆ ಪುಸ್ತಕ ಒಯ್ಯಬಹುದು. ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ. ಇದು ಒಳ್ಳೆಯದೇ, ಬೇಡ ಎನ್ನುವುದಿಲ್ಲ.

ಆದರೆ ಇಡೀ ಪರೀಕ್ಷೆಯಲ್ಲಿ ಅಭ್ಯರ್ಥಿ ಒಂದು ಪೂರ್ಣ ವಾಕ್ಯ ಬರೆಯುವುದಿಲ್ಲ. ಒಂದು ನೋಟೀಸಿಲ್ಲ, ಒಂದು ದಾವೆಯಿಲ್ಲ, ಒಂದು ಜಾಮೀನು ಅರ್ಜಿಯಿಲ್ಲ. ಎದುರಿಗೆ ಕೂತ ರೈತನ ಮಾತು ಕೇಳಿ ಅದರೊಳಗಿನ ಕೇಸನ್ನು ಹೆಕ್ಕಿ ತೆಗೆಯುವ ಕೆಲಸವಂತೂ ಇಲ್ಲವೇ ಇಲ್ಲ. ಕೋರ್ಟಿನಲ್ಲಿ ವಕೀಲನಿಗೆ ದಿನಾ ಬರುವ ಕೆಲಸ ಇವೇ. ಅಲ್ಲಿ ನಾಲ್ಕು ಉತ್ತರ ಬರೆದಿಟ್ಟು 'ಒಂದನ್ನು ಆರಿಸಪ್ಪಾ' ಎಂದು ಯಾರೂ ಹೇಳುವುದಿಲ್ಲ.

ಒಂದು ಅಂಕಿ ತಪ್ಪಿದರೆ

ಅಂಗಡಿಕಾರ ಬಂಧುಗಳೇ, ಇದು ನಿಮಗೆ ಸಂಬಂಧಿಸಿದ್ದು. ಗಿರಾಕಿ ಕೊಟ್ಟ ಚೆಕ್ಕು ಬ್ಯಾಂಕಿನಿಂದ ವಾಪಸು ಬಂತು ಅನ್ನಿ. ಬ್ಯಾಂಕಿನಿಂದ ಸುದ್ದಿ ತಿಳಿದ 30 ದಿನದೊಳಗೆ ಬರವಣಿಗೆಯಲ್ಲಿ ನೋಟೀಸು ಹೋಗಬೇಕು. ನೋಟೀಸು ಮುಟ್ಟಿದ ಮೇಲೆ ಆತನಿಗೆ 15 ದಿನದ ಅವಕಾಶ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಕಾಯ್ದೆಯ ಹೆಸರು ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್, ಸೆಕ್ಷನ್ 138. ಈ ದಿನಗಳ ಲೆಕ್ಕ ಪುಸ್ತಕದಲ್ಲಿದೆ, ಗುಂಡು ತುಂಬುವ ಪರೀಕ್ಷೆಯಲ್ಲಿ ಇದನ್ನು ಕೇಳಬಹುದು. ನೋಟೀಸು ಬರೆಯುವುದು ಮಾತ್ರ ಬೇರೆ ವಿದ್ಯೆ.

2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಕೊಟ್ಟ ತೀರ್ಪು ನೋಡಿ. ವಾಪಸು ಬಂದ ಚೆಕ್ಕು ಒಂದು ಕೋಟಿ ರೂಪಾಯಿಯದು. ನೋಟೀಸಿನಲ್ಲಿ ಬರೆದದ್ದು ಎರಡು ಕೋಟಿ. ಟೈಪಿಂಗ್ ತಪ್ಪು ಎಂದು ದೂರುದಾರರು ಹೇಳಿಕೊಂಡರು. ಕೋರ್ಟು ಒಪ್ಪಲಿಲ್ಲ. ನೋಟೀಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಕೇಳಬೇಕು, ಮೊತ್ತ ಬೇರೆಯಾದರೆ ನೋಟೀಸು ಊರ್ಜಿತವಲ್ಲ ಎಂದಿತು. ಕ್ರಿಮಿನಲ್ ಕೇಸು ಅಲ್ಲಿಗೆ ಬಿತ್ತು.

ಅದು ಕೋಟಿಯ ವ್ಯವಹಾರ. ನಮ್ಮ ಕಡೆ ತೊಗರಿ ಸುಗ್ಗಿಯಲ್ಲಿ ಎಂಬತ್ತು ಸಾವಿರದ, ಒಂದೂವರೆ ಲಕ್ಷದ ಚೆಕ್ಕುಗಳು ಓಡಾಡುತ್ತವೆ. ಸಣ್ಣ ಅಡತಿ ಅಂಗಡಿಯವನಿಗೆ ಅದೇ ಕೋಟಿ. ಕಾಯ್ದೆ ಎಲ್ಲರಿಗೂ ಒಂದೇ ಆದ್ದರಿಂದ ತಪ್ಪಿದ ಅಂಕಿಯ ದಂಡವೂ ಎಲ್ಲರಿಗೂ ಒಂದೇ.

ಮೂಡಲಿದ್ದದ್ದು ಪಡುವಲಾಯಿತು

ಇನ್ನು ಹೊಲದ ಮಾತು. ಸ್ಥಿರಾಸ್ತಿಯ ದಾವೆ ಹಾಕುವಾಗ ಆಸ್ತಿಯನ್ನು ಗುರುತು ಹಿಡಿಯುವ ಹಾಗೆ ವಿವರ ಬರೆಯಬೇಕು, ಚಕ್ಕುಬಂದಿ ಅಥವಾ ಸರ್ವೆ ನಂಬರು ಇದ್ದರೆ ಅದನ್ನು ಕಾಣಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಏಳನೇ ಆದೇಶದಲ್ಲೇ ಇದೆ. ಈ ನಿಯಮದ ನಂಬರು ಯಾವುದು ಎಂದು ಹುಡುಗ ಗುಂಡು ತುಂಬಿ ಹೇಳಿಯಾನು. ಹೊಲಕ್ಕೆ ಹೋಗಿ ಬದು ನೋಡಿ, ಪಹಣಿಯನ್ನು ನಕ್ಷೆಗೆ ಹೊಂದಿಸಿ ನಾಲ್ಕು ದಿಕ್ಕು ಬರೆಯಲು ಅವನಿಗೆ ಯಾರು ಕಲಿಸಿದರು?

ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ನಮ್ಮ ಕಾಕಾನ ಹೊಲದ ದಾವೆ. ಹೊಸದಾಗಿ ಕರಿ ಕೋಟು ಹಾಕಿದ ಒಬ್ಬ ಹುಡುಗ ದಾವೆ ತಯಾರು ಮಾಡಿಕೊಟ್ಟ. ಸಭ್ಯ ಹುಡುಗ, ಫೀಜು ಕೂಡ ಕಡಿಮೆ ತೆಗೆದುಕೊಂಡ. ಹೆಸರು, ಊರು ಹೇಳುವುದಿಲ್ಲ. ಚಕ್ಕುಬಂದಿಯಲ್ಲಿ ಮೂಡಲಿದ್ದದ್ದು ಪಡುವಲಾಯಿತು, ಪಡುವಲಿದ್ದದ್ದು ಮೂಡಲಾಯಿತು. ಕಾಕಾ ಸಹಿ ಮಾಡಿದ. ಅದನ್ನು ಓದುವಷ್ಟು ಅಕ್ಷರ ಅವನಿಗಿರಲಿಲ್ಲ. ಸಾಕ್ಷಿ ಶುರುವಾದ ಮೇಲೆ ಎದುರು ಪಾರ್ಟಿಯ ವಕೀಲರು ಎದ್ದು, 'ವಾದಿ ಹೇಳುವ ಹೊಲ ವಾದಿಯದಲ್ಲ' ಎಂದರು.

ತಿದ್ದುಪಡಿ ಅರ್ಜಿ ಹಾಕಿದರು. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಬೇಕಾದರೆ, ಎಷ್ಟು ಜಾಗರೂಕತೆ ವಹಿಸಿದರೂ ಮೊದಲೇ ಈ ವಿಷಯ ಎತ್ತಲು ಆಗುತ್ತಿರಲಿಲ್ಲ ಎಂದು ತೋರಿಸಬೇಕು. ಆ ಅರ್ಜಿಗೇ ತಕರಾರು, ತಕರಾರಿಗೆ ತಾರೀಖು, ತಾರೀಖಿಗೆ ಬಸ್ಸು. ಕಾಕಾ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಹೇಳಿದ್ದು ನನಗೆ ಇಂದಿಗೂ ನೆನಪಿದೆ: "ತಮ್ಮಾ, ಸೂರ್ಯ ಯಾವ ಕಡಿ ಹುಟ್ತಾನಂತ ನನಗ ಗೊತ್ತದ. ಕಾಗದಕ್ಕ ಗೊತ್ತಿಲ್ಲ ನೋಡು."

2020ರ ಅಕ್ಟೋಬರಿನಲ್ಲಿ ಭೀಮಾ ಮಹಾಪೂರ ಬಂದಾಗ ಅಫಜಲಪುರ, ಜೇವರ್ಗಿ ಕಡೆ ನದಿ ದಂಡೆಯ ಹೊಲಗಳಿಗೆ ನೀರು ನುಗ್ಗಿದ್ದು ಎಲ್ಲರೂ ಕಂಡದ್ದೇ. ಬದು ಕೊಚ್ಚಿಹೋದ ಹೊಲಕ್ಕೆ ಕಾಗದದ ಮೇಲಿನ ಚಕ್ಕುಬಂದಿಯೇ ಗತಿ. ಈ ಮೂರೂ ತಾಲ್ಲೂಕು 1948ರ ತನಕ ನಿಜಾಮರ ರಾಜ್ಯದಲ್ಲಿದ್ದವು. ಆದ್ದರಿಂದ ಹಳೆಯ ಕಾಗದ ಎಂದರೆ ಹಲವು ಮನೆಗಳಲ್ಲಿ ಉರ್ದು ಕಾಗದವೇ. ಇಲ್ಲಿ ವಕೀಲಿ ಮಾಡುವವನಿಗೆ ಆ ಕಾಗದ ಸ್ವತಃ ಓದಲು ಬಾರದಿದ್ದರೂ ಯಾರಿಂದ ಓದಿಸಬೇಕು, ಹೇಗೆ ತರ್ಜುಮೆ ಮಾಡಿಸಿ ಹಾಜರುಪಡಿಸಬೇಕು ಎಂಬುದಾದರೂ ತಿಳಿದಿರಬೇಕು.

ಕೇಳಬಾರದ ಪ್ರಶ್ನೆ

ಪಾಟೀಸವಾಲಿನದು ಇನ್ನೊಂದು ಕತೆ. ಕೋರ್ಟು ವರದಿಗೆ ಹೋದಾಗ ಕಂಡದ್ದು. ಸಾಕ್ಷಿಕಟ್ಟೆಯಲ್ಲಿ ಒಬ್ಬ ಮುದುಕ. ಆರೋಪಿಯ ಪರ ಹೊಸ ವಕೀಲ. ರಾತ್ರಿ ಕತ್ತಲಿತ್ತು ಎಂದು ಒಪ್ಪಿಸಿದ, ಕರೆಂಟು ಇರಲಿಲ್ಲ ಎಂದು ಒಪ್ಪಿಸಿದ, ಮುದುಕನಿಗೆ ಕಣ್ಣು ಮಂಜು ಎಂದೂ ಒಪ್ಪಿಸಿದ. ಅಲ್ಲಿಗೆ ಕೂತಿದ್ದರೆ ಕೇಸು ಅರ್ಧ ಗೆದ್ದಂತೆ. ಹುಡುಗನಿಗೆ ಹುರುಪು ಬಂತು. "ಹಂಗಾದ್ರ ಇವನೇ ಅಂತ ಹ್ಯಾಂಗ ಗುರ್ತು ಹಿಡಿದಿ?" ಎಂದು ಕೇಳಿಬಿಟ್ಟ.

ಮುದುಕ ತಣ್ಣಗೆ ಹೇಳಿದ: "ದನಿಯಿಂದ್ರೀ ಸಾಹೇಬ್ರ. ಹತ್ತು ವರ್ಷ ನನ್ನ ಹೊಲದಾಗ ದುಡಿದಾನ."

ಕೋರ್ಟು ಹಾಲಿನಲ್ಲಿ ಕೆಲವರು ನಕ್ಕರು. ಆರೋಪಿಯ ಹೆಂಡತಿ ಬಾಗಿಲ ಬಳಿ ನಿಂತಿದ್ದಳು, ಅವಳು ನಗಲಿಲ್ಲ. ಒಂದು ಪ್ರಶ್ನೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹುಡುಗ ಅಂದು ಕಲಿತಿರಬಹುದು. ಆದರೆ ಕಲಿತದ್ದು ಮತ್ತೊಬ್ಬನ ಸ್ವಾತಂತ್ರ್ಯವನ್ನು ಪಣಕ್ಕಿಟ್ಟು.

'ಮೇಲಿನ ಕೋರ್ಟು ಇದೆಯಲ್ಲ' ಎನ್ನುವವರು ಇದ್ದಾರೆ. ಹೌದು, ಇದೆ. 2008ರ ಜುಲೈಯಲ್ಲಿ ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೆಂಗಳೂರಿಗೆ ರಾತ್ರಿ ರೈಲು ಹತ್ತುವ ಕಷ್ಟ ತಪ್ಪಿತು. ಆದರೆ ಮೇಲಿನ ಕೋರ್ಟಿಗೆ ಹೋಗುವುದು ಕೆಳಗೆ ಬರೆದ ಕಡತವೇ. ಆಳಂದದಲ್ಲಿ ಕೇಳದ ಪ್ರಶ್ನೆಯನ್ನು ಕಲಬುರಗಿಯಲ್ಲಿ ಕೇಳಲಾಗುವುದಿಲ್ಲ, ಜೇವರ್ಗಿಯಲ್ಲಿ ಬರೆದ ತಪ್ಪು ದಿಕ್ಕನ್ನು ದೊಡ್ಡ ವಕೀಲರ ದೊಡ್ಡ ಫೀಜು ಸುಲಭಕ್ಕೆ ತಿದ್ದಲಾರದು. ಬುನಾದಿ ಹಾಕುವುದು ತಾಲ್ಲೂಕು ಕೋರ್ಟಿನಲ್ಲಿ.

ಜಡ್ಜರಿಗೆ ಬೇಕು, ವಕೀಲರಿಗೆ ಬೇಡವೇ?

ಬರೆಸಿ ನೋಡುವ ಪರೀಕ್ಷೆ ನಮಗೆ ಹೊಸದೇನಲ್ಲ. ನಮ್ಮ ಹೈಕೋರ್ಟು ಸಿವಿಲ್ ಜಡ್ಜರನ್ನು ಆರಿಸುವಾಗ ಗುಂಡು ತುಂಬುವ ಪರೀಕ್ಷೆ ಬರೀ ಮೊದಲ ಮೆಟ್ಟಿಲು. ಮುಖ್ಯ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರ್ಜುಮೆ ಮಾಡಬೇಕು. ದಾವೆಯ ಸಂಗತಿ ಕೊಟ್ಟು ವಿವಾದಾಂಶ ತೆಗೆಯಿರಿ, ತೀರ್ಪು ಬರೆಯಿರಿ ಎನ್ನುತ್ತಾರೆ. ಕ್ರಿಮಿನಲ್ ಸಂಗತಿ ಕೊಟ್ಟು ಆರೋಪ ರಚಿಸಿರಿ ಎನ್ನುತ್ತಾರೆ. ಅಂದರೆ ತೀರ್ಪು ಬರೆಯುವವನು ಬರೆದು ತೋರಿಸಬೇಕು. ಆ ತೀರ್ಪಿಗೆ ಬೇಕಾದ ದಾವೆ ಬರೆಯುವವನು ಗುಂಡು ತುಂಬಿದರೆ ಸಾಕು. ಇದು ಯಾವ ಲೆಕ್ಕ?

ಹೊರಗಿನವರೂ ಈ ದಾರಿ ಹಿಡಿದಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1983ರಿಂದಲೇ ಅಭ್ಯರ್ಥಿಯ ಕೈಗೆ ಒಂದು ಕಡತ ಕೊಟ್ಟು, ಬೇಕಾದ ಕಾಯ್ದೆಯನ್ನೂ ಜೊತೆಗಿಟ್ಟು, ವಕೀಲ ಮಾಡುವ ಕೆಲಸ ಮಾಡಿ ತೋರಿಸು ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 2022ರಿಂದ ಸಾಲಿಸಿಟರ್ ಪರೀಕ್ಷೆಯ ಎರಡನೇ ಹಂತದಲ್ಲಿ ಕಕ್ಷಿದಾರನ ಪಾತ್ರ ಹಾಕಿದವನನ್ನು ಎದುರು ಕೂಡಿಸಿ ಮಾತಾಡಿಸುತ್ತಾರೆ, ಕರಡು ಬರೆಸುತ್ತಾರೆ, ವಾದ ಮಾಡಿಸುತ್ತಾರೆ.

ನಮ್ಮಲ್ಲೂ ಇದರ ಬೀಜ ಇತ್ತು. 1961ರ ವಕೀಲರ ಕಾಯ್ದೆ ಬಂದಾಗ ನೋಂದಣಿಗೆ ಮೊದಲು ತರಬೇತಿ ಮತ್ತು ಪರೀಕ್ಷೆ ಎಂಬ ಷರತ್ತು ಅದರಲ್ಲೇ ಇತ್ತು. 1973ರ ತಿದ್ದುಪಡಿ ಅದನ್ನು ತೆಗೆದುಹಾಕಿತು, 1974ರ ಜನವರಿ 31ರಿಂದ ಅದು ಹೋಯಿತು. 1995ರಲ್ಲಿ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿ ನಿಯಮ ತಂದಿತು. ಸಂಸತ್ತು ತೆಗೆದದ್ದನ್ನು ಪರಿಷತ್ತು ನಿಯಮದ ಮೂಲಕ ತರುವಂತಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಮುಂದೆ ಬಾರ್ ಪರೀಕ್ಷೆಯ ಬಗ್ಗೆಯೂ ವ್ಯಾಜ್ಯ ನಡೆದು, 2023ರ ಫೆಬ್ರುವರಿ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಪರೀಕ್ಷೆಯನ್ನು ಎತ್ತಿಹಿಡಿಯಿತು. 1999ರ ತೀರ್ಪು ಸರಿಯಲ್ಲ ಎಂದೂ ಹೇಳಿತು.

ಇದರ ಅರ್ಥವೇನು? 'ಕಾಯ್ದೆ ಬಿಡುವುದಿಲ್ಲ' ಎಂಬ ನೆಪ 2023ಕ್ಕೇ ಮುಗಿಯಿತು. ಪರೀಕ್ಷೆ ನಡೆಸುವ ಅಧಿಕಾರ ಪರಿಷತ್ತಿನ ಕೈಯಲ್ಲಿ ಗಟ್ಟಿಯಾಗಿದೆ. ಹೇಗೆ ನಡೆಸಬೇಕು ಎಂದು ಯೋಚಿಸುವುದಷ್ಟೇ ಉಳಿದದ್ದು.

ಕಾಲೇಜಿನಲ್ಲಿ ಕಲಿಸುತ್ತಾರಲ್ಲ?

ಕಾಗದದ ಮೇಲೆ ಕಲಿಸುತ್ತಾರೆ. 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಕರಡು ಬರವಣಿಗೆಗೆ ಒಂದು ಪೇಪರು ಇದೆ. ದಾವೆ, ಅರ್ಜಿಗಳ ಕರಡು ಹದಿನೈದು, ಕ್ರಯಪತ್ರದಂಥ ದಸ್ತಾವೇಜು ಹದಿನೈದು, ತಲಾ 45 ಅಂಕ, ಮೌಖಿಕಕ್ಕೆ 10. ಇನ್ನೊಂದು ಪೇಪರಿನಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ಬರೆಯಬೇಕು. ಮೂರು ವರ್ಷದ ಕೋರ್ಸಿನವರಿಗೆ 12 ವಾರ, ಐದು ವರ್ಷದವರಿಗೆ 20 ವಾರ ವಕೀಲರ ಕಚೇರಿ, ಕೋರ್ಟುಗಳಲ್ಲಿ ತರಬೇತಿ. ಇಷ್ಟನ್ನೂ ಖರೆಯಾಗಿ ಮಾಡಿದರೆ ನಾವು ಈ ಲೇಖನ ಬರೆಯಬೇಕಿರಲಿಲ್ಲ.

ನಮಗೆ ಸಿಕ್ಕ ಕೆಲವು ಹುಡುಗರು ನಗುತ್ತಲೇ ಹೇಳಿದರು: "ಅಣ್ಣಾರ, ರೆಕಾರ್ಡ್ ಬುಕ್ ಸೀನಿಯರ್ದು, ಅಕ್ಷರ ಅಷ್ಟೇ ನಮ್ದು." ಎಲ್ಲ ಕಡೆಯೂ ಹೀಗೆ ಎನ್ನುವುದಿಲ್ಲ. ಮನಸ್ಸಿಟ್ಟು ಕಲಿಸುವ ಮಾಸ್ತರರೂ ಇದ್ದಾರೆ. ಆದರೆ ಕೊನೆಯ ಪರೀಕ್ಷೆಯಲ್ಲಿ ಕೇಳದ್ದನ್ನು ಯಾರೂ ಮೈಮುರಿದು ಕಲಿಯುವುದಿಲ್ಲ. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟ ನನಗೂ ಈ ಸತ್ಯ ಗೊತ್ತು.

'ಪಿಯುಸಿ ಬಿಟ್ಟವನು ವಕೀಲರಿಗೆ ಬುದ್ಧಿ ಹೇಳುತ್ತಾನೆ' ಎಂದು ಯಾರಾದರೂ ನಕ್ಕರೆ ನಗಲಿ. ಬಸ್ ಸರಿಯಾಗಿ ಓಡುತ್ತಿದೆಯೇ ಎಂದು ಹೇಳಲು ಪ್ರಯಾಣಿಕನಿಗೆ ಲೈಸೆನ್ಸ್ ಬೇಕಿಲ್ಲ.

ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ

ಒಂದು ಮಾತು ಸ್ಪಷ್ಟವಾಗಲಿ. ಹೊಸ ವಕೀಲರು ನಮ್ಮವರೇ. ತೊಗರಿ ಮಾರಿ ಓದಿಸಿದ ತಂದೆಯ ಮಕ್ಕಳು, ಮನೆತನದಲ್ಲಿ ಮೊದಲ ಬಾರಿಗೆ ಕರಿ ಕೋಟು ಕಂಡವರು. ವಕೀಲರ ಮಗ ಊಟದ ಹೊತ್ತಿನಲ್ಲೇ ನೋಟೀಸು ಬರೆಯುವುದನ್ನು ಕೇಳಿಸಿಕೊಂಡು ಬೆಳೆಯುತ್ತಾನೆ. ಕೂಲಿಯವನ ಮಗಳಿಗೆ ಅದನ್ನು ಹೇಳಿಕೊಡುವವರು ಯಾರು? ಸೀನಿಯರ್ ಕಚೇರಿಯಲ್ಲಿ ಫೈಲು ಹೊತ್ತು, ವಾಯಿದೆ ಕೇಳಿ, ಚಹಾ ತಂದು ವರ್ಷ ಕಳೆಯುವವರು ಎಷ್ಟೋ. ಕಿರಿಯರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು 2024ರ ಅಕ್ಟೋಬರಿನಲ್ಲಿ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿತು. ಅದು ಸಲಹೆ, ಕಡ್ಡಾಯವಲ್ಲ. ಸಲಹೆಯಿಂದ ಬಸ್ ಚಾರ್ಜು ಹುಟ್ಟುವುದಿಲ್ಲ.

ಆದ್ದರಿಂದಲೇ ಬರೆಸಿ ನೋಡುವ ಪರೀಕ್ಷೆ ಬಡವರ ಮಕ್ಕಳಿಗೆ ಮತ್ತೊಂದು ಅಡ್ಡಗೋಡೆ ಆಗಬಾರದು. ಪರೀಕ್ಷೆಯಲ್ಲಿ ಕೇಳುತ್ತಾರೆ ಎಂದಾದರೆ ಕಾಲೇಜು ಕಲಿಸಲೇಬೇಕಾಗುತ್ತದೆ. ಮನೆಯಲ್ಲಿ ವಕೀಲರಿಲ್ಲದ ಹುಡುಗಿಗೆ ಲಾಭವಾಗುವುದು ಇಲ್ಲಿಯೇ. ಆದರೆ ಮಾಡುವ ರೀತಿ ನೆಟ್ಟಗಿರಬೇಕು.

ನಮ್ಮ ಸೂಚನೆ ಹೀಗಿದೆ. ಗುಂಡು ತುಂಬುವ ಪ್ರಶ್ನೆಗಳು ಅರ್ಧಕ್ಕೆ ಇಳಿಯಲಿ. ಉಳಿದರ್ಧಕ್ಕೆ ಒಂದು ಸಣ್ಣ ಕಡತ ಕೊಡಿ. ಹೆಸರು ಮುಚ್ಚಿದ ಹಳೆಯ ಪಹಣಿ, ವಾಪಸು ಬಂದ ಚೆಕ್ಕು, ಬ್ಯಾಂಕಿನ ಚೀಟಿ, ಕಕ್ಷಿದಾರ ತನ್ನ ಮಾತಿನಲ್ಲೇ ಹೇಳಿದ ಎರಡು ಪುಟದ ಸಂಗತಿ. ಅದನ್ನು ಓದಿ ಒಂದು ನೋಟೀಸು, ಒಂದು ಚಕ್ಕುಬಂದಿ, ಒಂದು ಜಾಮೀನು ಅರ್ಜಿ ಬರೆಯಲಿ. ಸಾಕ್ಷಿಗೆ ಕೇಳಬೇಕಾದ ಐದು ಪ್ರಶ್ನೆ, ಕೇಳಬಾರದ ಒಂದು ಪ್ರಶ್ನೆ ಬರೆಯಲಿ. ಕನ್ನಡದಲ್ಲಿ ಬರೆಯಲು ಪೂರ್ಣ ಅವಕಾಶ ಇರಲಿ, ಏಕೆಂದರೆ ಅಫಜಲಪುರದ ಸಾಕ್ಷಿ ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲ.

ಉತ್ತರ ಪತ್ರಿಕೆಯ ಮೇಲೆ ಹೆಸರು ಬೇಡ, ನಂಬರು ಸಾಕು. ಬೇರೆ ಜಿಲ್ಲೆಯವರು ತಿದ್ದಲಿ. ಮೌಖಿಕಕ್ಕೆ ಹೆಚ್ಚು ಅಂಕ ಇಟ್ಟರೆ ಯಾರ ಮಕ್ಕಳು ಪಾಸಾಗುತ್ತಾರೆ ಎಂದು ಓದುಗರಿಗೆ ನಾವು ಹೇಳಬೇಕಿಲ್ಲ. ಈಗಲೇ ಸಾಮಾನ್ಯ ವರ್ಗದವರು ಮೂರೂವರೆ ಸಾವಿರದಷ್ಟು ಫೀ ಕಟ್ಟುತ್ತಾರೆ, ಇನ್ನೊಂದು ಪೈಸೆ ಹೆಚ್ಚಬಾರದು. ಒಂದು ಭಾಗದಲ್ಲಿ ನಪಾಸಾದವರು ಅದೊಂದನ್ನೇ ಮತ್ತೆ ಬರೆಯುವಂತಿರಲಿ.

ಅಷ್ಟು ಸಾವಿರ ಜನರ ಪತ್ರಿಕೆ ತಿದ್ದುವವರು ಯಾರು ಎಂಬ ತಕರಾರು ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಲಕ್ಷಾಂತರ ಮಕ್ಕಳ ಪತ್ರಿಕೆ ಪ್ರತಿ ವರ್ಷ ತಿದ್ದುವ ರಾಜ್ಯ ಇದು. ಹದಿನಾರು ವರ್ಷದ ಹುಡುಗನ ಉತ್ತರ ಓದಲು ಜನ ಸಿಗುತ್ತಾರೆ, ನಾಳೆ ಮತ್ತೊಬ್ಬರ ಹೊಲ, ಮನೆ, ಜೀವ ಹಿಡಿಯುವವನ ಉತ್ತರ ಓದಲು ಜನ ಸಿಗುವುದಿಲ್ಲವೇ?

ಅಲ್ಲಿಯ ತನಕ

ಪರಿಷತ್ತು ಏಳುವ ತನಕ ಓದುಗರು ತಮ್ಮ ಎಚ್ಚರದಲ್ಲಿ ತಾವಿರುವುದು ಲೇಸು. ನೋಟೀಸಿಗೆ, ದಾವೆಗೆ ಸಹಿ ಮಾಡುವ ಮೊದಲು ಅದನ್ನು ಓದಿಸಿ ಕೇಳಿ. ಚೆಕ್ಕಿನ ಮೊತ್ತ, ನಂಬರು, ತಾರೀಖು ಚೆಕ್ಕಿನಲ್ಲಿದ್ದ ಹಾಗೆಯೇ ಇದೆಯೇ ನೋಡಿ. ಹೊಲದ ನಾಲ್ಕು ದಿಕ್ಕು ಪಹಣಿ, ನಕ್ಷೆಗಳೊಂದಿಗೆ ಹೊಂದುತ್ತದೆಯೇ ನೋಡಿ. ಒಂದು ನಕಲು ನಿಮ್ಮ ಬಳಿ ಇರಲಿ. ಒಳ್ಳೆಯ ವಕೀಲರು ಇದಕ್ಕೆ ಬೇಸರ ಮಾಡುವುದಿಲ್ಲ, ಬೇಸರ ಮಾಡಿದರೆ ಅದೂ ಒಂದು ಗುರುತೇ.

ಕಾಕಾನ ಕೇಸು ಇನ್ನೂ ನಡೆದಿದೆ. ಆ ಹುಡುಗ ವಕೀಲರು ಈಗ ಚೆನ್ನಾಗಿ ಕಲಿತಿದ್ದಾರೆ, ಕೈಯಲ್ಲಿ ಹತ್ತಾರು ಕೇಸುಗಳಿವೆ, ಚಕ್ಕುಬಂದಿಯನ್ನು ಎರಡೆರಡು ಸಲ ನೋಡುತ್ತಾರಂತೆ. ಸಂತೋಷ. ಆದರೆ ಆ ಪಾಠದ ಫೀಜು ಕಟ್ಟಿದ್ದು ನಮ್ಮ ಕಾಕಾ. ಅದನ್ನು ಪರೀಕ್ಷೆಯ ಕೋಣೆಯಲ್ಲೇ, ಒಂದು ಹಾಳೆಯ ಖರ್ಚಿನಲ್ಲಿ ಕಲಿಸಬಹುದಿತ್ತು.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?